ಭಾವನ ಡಮ್ಮಿ ಸಾಲುಗಳು

ನಮ್ಮ ಭಾವ ತೀರಿಕೊಂಡ ಮೇಲೆ ನಡೆದ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ಒಂದೇ ಮಾತು ಹೇಳಿದರು: ಅವರಿಗೆ ಮಾತೇ ಬೇಕಿರಲಿಲ್ಲ, ಸಂಗೀತವೇ ಅವರ ಮಾತಾಗಿತ್ತು. ಕೇಳಿ ಕೇಳಿ ನನಗೆ ಮೈ ಉರಿಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಅಕ್ಕ, ಅಂದರೆ ಅವರ ಹೆಂಡತಿ, ಸಭೆ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಮಾತು ಬೇಕಿರಲಿಲ್ಲವಂತೆ! ಅವರ ಬಳಿ ಎಷ್ಟು ಮಾತಿತ್ತು ಎಂಬುದು ನನಗೆ ಗೊತ್ತು. ಅವರ ವಾದ್ಯವೃಂದದಲ್ಲಿ ಪಿಟೀಲು ಬಾರಿಸಿಕೊಂಡೇ ತಲೆ ನರೆಸಿಕೊಂಡವನು ನಾನು.

ಸಿನಿಮಾ ಹಾಡು ಹುಟ್ಟುವ ರೀತಿ ಹೊರಗಿನವರಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಎಷ್ಟೋ ಸಲ ಮೊದಲು ಬರುವುದು ಟ್ಯೂನು, ಪದ ಆಮೇಲೆ. ಟ್ಯೂನು ಎಲ್ಲಿ ಎಳೆಯುತ್ತದೆ, ಎಲ್ಲಿ ತಿರುಗುತ್ತದೆ ಎಂದು ಹಾಡು ಬರೆಯುವವರಿಗೆ ತೋರಿಸಲು ಸಂಗೀತ ನಿರ್ದೇಶಕರು ಬಾಯಿಗೆ ಬಂದದ್ದನ್ನು ಹಾಡುತ್ತಾರೆ. ಅದಕ್ಕೆ ಡಮ್ಮಿ ಸಾಲು ಎನ್ನುತ್ತೇವೆ. ಹೆಚ್ಚಿನವರು ತಾನನ, ಲಲಲ ಎಂದು ಮುಗಿಸಿಬಿಡುತ್ತಾರೆ. ಭಾವ ಪದ ಹಾಕಿಯೇ ಹಾಡುತ್ತಿದ್ದರು. ಊರೆಲ್ಲ ಬೆಳದಿಂಗಳ ಹಾಡು ಎಂದು ಗುನುಗಿದ ಅವರ ಮೊದಲ ಪ್ರೇಮಗೀತೆ ನಮ್ಮ ಮುಂದೆ ಹುಟ್ಟಿದ್ದು ಹೀಗೆ: 'ಅಡುಗೆಮನೆ ನಲ್ಲಿ ತೊಟ್ಟಿಕ್ಕುತಿದೆ, ರಿಪೇರಿಯವನು ಬರಲೇ ಇಲ್ಲ.' ಪರದೆಯ ಮೇಲೆ ನಾಯಕ ನಾಯಕಿಯ ಗಲ್ಲ ಹಿಡಿದಾಗಲೆಲ್ಲ ನನಗೆ ಆ ನಲ್ಲಿಯೇ ನೆನಪಾಗಿ ನಗು ತಡೆಯಲಾಗುತ್ತಿರಲಿಲ್ಲ.

ಅವರ ಹಾಡುಗಳನ್ನು ಬರೆಯುತ್ತಿದ್ದವರನ್ನು ಎಲ್ಲರೂ ಕವಿಗಳು ಎಂದೇ ಕರೆಯುತ್ತಿದ್ದರು. ಕವಿಗಳು ಡಮ್ಮಿ ಸಾಲಿನ ಅರ್ಥಕ್ಕೆ ಒಂದು ದಿನವೂ ಕಿವಿಗೊಟ್ಟವರಲ್ಲ. ಬೆರಳು ಮಡಚಿ ಅಕ್ಷರ ಎಣಿಸುವುದು, ಅಷ್ಟೇ ಉದ್ದದ ತಮ್ಮ ಪದ ಕೂರಿಸುವುದು, ಹಳೆಯದನ್ನು ಹೊಡೆದು ಹಾಕುವುದು, ಇಷ್ಟೇ ಅವರ ಕೆಲಸ. ವಾದ್ಯದವರಲ್ಲಿ ಕೆಲವರು ತಮ್ಮ ಸರದಿ ಬರುವವರೆಗೆ ಪೇಪರ್ ಓದುತ್ತಿದ್ದರು, ಕೆಲವರು ತೂಕಡಿಸುತ್ತಿದ್ದರು. ಗಮನವಿಟ್ಟು ಕೇಳುತ್ತಿದ್ದವನು ನಾನೊಬ್ಬನೇ. ಹಾಡಿನಲ್ಲಿ ತೊಟ್ಟಿಕ್ಕುತ್ತಿದ್ದದ್ದು ನನ್ನ ಅಕ್ಕನ ಮನೆಯ ನಲ್ಲಿ ತಾನೇ.

ಭಾವನನ್ನು ಮನೆಗೆ ಕರೆದುಕೊಂಡು ಬಂದವನೂ ನಾನೇ. ಆಗ ಅವರು ಒಂದು ನಾಟಕ ಕಂಪನಿಯ ತಾಲೀಮಿಗೆ ಪಿಯಾನೊ ನುಡಿಸುತ್ತಿದ್ದರು. ನಮ್ಮ ಮನೆಯ ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ಚಹಾ ಕುಡಿದು, ಕೇಳಿದ್ದಕ್ಕೆಲ್ಲ ಹೂಂ ಎಂದು ಎದ್ದು ಹೋದರು. ಅಕ್ಕ ಶಾಲೆಯಲ್ಲಿ ಟೀಚರು, ಮಾತಿನಲ್ಲಿ ಅರಳು ಹುರಿದಂತೆ. "ಇವರು ಮಾತಾಡದಿದ್ರೆ ಏನಂತೆ, ನಾನು ಇಬ್ಬರಿಗೂ ಆಗೋಷ್ಟು ಮಾತಾಡ್ತೀನಿ" ಎಂದು ಒಪ್ಪಿಕೊಂಡಳು. ಟೈಲರ್ ಅಂಗಡಿಯ ಮೇಲಿನ ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಸಂಸಾರ ಶುರುವಾಯಿತು. ಹಗಲೆಲ್ಲ ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಮನೆಯಲ್ಲಿ ಅದು ಭಾವನಿಗಿಂತ ಹೆಚ್ಚು ಮಾತಾಡುತ್ತದೆ ಎಂದು ಅಕ್ಕ ತಮಾಷೆ ಮಾಡುತ್ತಿದ್ದಳು. ಮೊದಮೊದಲು ಅದು ತಮಾಷೆಯೇ ಆಗಿತ್ತು.

ಭಾವನಿಗೆ ಸಿನಿಮಾ ಕೆಲಸ ಸಿಕ್ಕಿತು. ಮೊದಲು ಹಿನ್ನೆಲೆ ಸಂಗೀತ: ಬಾಗಿಲು ತೆರೆದಾಗ ಎರಡು ಸ್ವರ, ಕಳ್ಳ ಬಂದಾಗ ನಾಲ್ಕು ಸ್ವರ. ಆಮೇಲೆ ಹಾಡುಗಳು ಬಂದವು, ಹೆಸರು ಬಂತು. ಮನೆಯಲ್ಲಿ ಮಾತ್ರ ಮೂರೇ ಪದ: ಹೂಂ, ಉಹೂಂ, ಆಗಲಿ.

ಮದುವೆಯಾಗಿ ಕೆಲವು ವರ್ಷಗಳ ಮೇಲೆ ಅಕ್ಕನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಮಗು ಉಳಿಯಲಿಲ್ಲ. ಭಾವ ಆಸ್ಪತ್ರೆಯ ವಾರ್ಡಿನೊಳಗೆ ಕಾಲಿಡಲಿಲ್ಲ. ಅವಳನ್ನು ಮನೆಗೆ ಕರೆತಂದ ದಿನ ಹಾಸಿಗೆಯ ಪಕ್ಕ ನೀರು ಇಟ್ಟು, ತುಟಿಪಿಟಕ್ಕೆನ್ನದೆ ಸ್ಟುಡಿಯೋಗೆ ಹೊರಟುಬಿಟ್ಟರು. ನಾನು ಹಲ್ಲು ಕಚ್ಚಿಕೊಂಡು ಅವರ ಹಿಂದೆಯೇ ಹೋದೆ. ರೆಕಾರ್ಡಿಂಗ್ ಮುಗಿದ ಮೇಲೆ ನಾಲ್ಕು ಮಾತು ಅಂದೇ ಬಿಡಬೇಕು ಎಂದುಕೊಂಡಿದ್ದೆ. ಆವತ್ತು ಇದ್ದದ್ದು ನಾಯಕ ನಾಯಕಿ ದೋಣಿಯಲ್ಲಿ ಹೋಗುವ ಹಾಡು. ಭಾವ ಪಿಯಾನೊ ಮುಂದೆ ಕೂತು, ಕವಿಗಳಿಗೆ ಟ್ಯೂನು ತೋರಿಸಲು ಹಾಡಿದರು:

'ಹೊರಗೆ ಬೆಂಚಲಿ ಕೂತೇ ಇದ್ದೆ,
ಒಳಗೆ ಬರಲು ಹೆದರಿದ್ದೆ,
ನಿನ್ನ ಮುಖವನು ಕಂಡರೆ ನಾನು
ಅತ್ತುಬಿಡುವೆನೆಂದಿದ್ದೆ.'

ನನ್ನ ಕೈಯಲ್ಲಿದ್ದ ಪಿಟೀಲಿನ ಕಮಾನು ಹಾಗೆಯೇ ನಿಂತಿತು. ಕವಿಗಳು ಬೆರಳು ಮಡಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಬೆಂಚು ಹೋಗಿ ದೋಣಿ ಬಂತು, ಹೆದರಿಕೆ ಹೋಗಿ ಅಲೆ ಬಂತು. ಡಮ್ಮಿ ಹಾಡಿದ ಟೇಪಿನ ಮೇಲೆಯೇ ಇನ್ನೊಂದು ರೆಕಾರ್ಡಾಯಿತು.

ನಾನು ನೇರ ಅಕ್ಕನ ಬಳಿ ಹೋಗಿ ಹೇಳಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಕಥೆ ಕಟ್ಟಬೇಡ. ನನಗೆ ಸಮಾಧಾನ ಮಾಡೋಕೆ ನೀನು ಏನು ಬೇಕಾದ್ರೂ ಹೇಳ್ತೀಯ" ಎಂದಳು. ಅದೂ ನಿಜವೇ. ಚಿಕ್ಕಂದಿನಿಂದ ಅವಳು ಅತ್ತಾಗಲೆಲ್ಲ ನಾನು ಏನಾದರೂ ಸುಳ್ಳು ಹೇಳಿ ನಗಿಸುತ್ತಿದ್ದೆ. ಕವಿಗಳನ್ನು ಸಾಕ್ಷಿಗೆ ಕೇಳಿದರೆ, "ಮಾಸ್ತರು ಏನೋ ಹಾಡ್ತಾರಪ್ಪ, ಅದನ್ನೆಲ್ಲ ಯಾರು ನೆನಪಿಟ್ಕೋತಾರೆ" ಎಂದು ಕೈ ಕೊಡವಿದರು.

ಕೊನೆಗೆ ಭಾವನನ್ನೇ ಕೇಳಿದೆ. "ಭಾವ, ಮೊನ್ನೆ ಹಾಡಿದ್ರಲ್ಲ, ಅದನ್ನ ಅಕ್ಕನ ಮುಂದೆ ಹೇಳಿ."

"ಯಾವುದನ್ನ?"

"ಬೆಂಚಿನ ಮೇಲೆ ಕೂತಿದ್ದೆ ಅಂದ್ರಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಅದು ಟ್ಯೂನಿಗೆ ಬಂದ ಪದ" ಎಂದರು. ನಾಟಕ ಮಾಡುತ್ತಿರಲಿಲ್ಲ. ಬೆರಳು ಪಿಯಾನೊ ಮೇಲಿದ್ದಾಗ ಬಾಯಿಂದ ಏನು ಹೊರಟಿತು ಎಂಬುದು ಅವರಿಗೇ ಗೊತ್ತಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಅಕ್ಕ ಇನ್ನೂ ಬಹಳ ಕಾಲ ತಡೆದುಕೊಂಡಳು. ಆಮೇಲೆ ಒಂದು ಭಾನುವಾರ ಸೂಟ್‌ಕೇಸ್ ತುಂಬಿಕೊಂಡಳು. ಜಗಳವಿಲ್ಲ, ಕೂಗಾಟವಿಲ್ಲ. "ಗೋಡೆ ಜೊತೆ ಸಂಸಾರ ಮಾಡಿ ಸಾಕಾಯ್ತು" ಎಂದಳು, ಅಷ್ಟೇ. ಸೂಟ್‌ಕೇಸನ್ನು ಮೂರು ಮಹಡಿ ಇಳಿಸಿಕೊಟ್ಟವರು ಭಾವನೇ. ನಡುವೆ ಒಂದು ಕಡೆ ನಿಂತು ಹಿಂತಿರುಗಿ, "ಇಲ್ಲಿ ಮೆಟ್ಟಿಲು ಒಡೆದಿದೆ, ಹುಷಾರು" ಎಂದರು. ಅಕ್ಕ ಆ ಒಂದು ಮಾತನ್ನು ಎಷ್ಟು ಸಲ ನನಗೆ ಹೇಳಿದ್ದಾಳೋ ಲೆಕ್ಕವಿಲ್ಲ, ಒಮ್ಮೆ ನಗುತ್ತಾ, ಒಮ್ಮೆ ಕಣ್ಣೊರೆಸಿಕೊಳ್ಳುತ್ತಾ.

ನಾನು ಒಬ್ಬಂಟಿ, ನನ್ನ ಮನೆಯ ಮುಂದಿನ ಕೋಣೆ ಖಾಲಿಯಿತ್ತು. ಅಕ್ಕ ಅಲ್ಲಿ ಉಳಿದಳು. ಬೆಳಿಗ್ಗೆ ಅವಳು ಶಾಲೆಗೆ, ನಾನು ಭಾವನ ತಾಲೀಮಿಗೆ. ಸಂಜೆ ಬಂದ ಕೂಡಲೇ, ಪಾತ್ರೆ ತೊಳೆಯುತ್ತಲೋ ಬಟ್ಟೆ ಮಡಚುತ್ತಲೋ, ನನ್ನ ಕಡೆ ನೋಡದೆ ಕೇಳುತ್ತಿದ್ದಳು: "ಕೆಮ್ಮು ಕಡಿಮೆ ಆಯ್ತಂತಾ?" ಯಾರ ಕೆಮ್ಮು ಎಂದು ನಾನೂ ಕೇಳುತ್ತಿರಲಿಲ್ಲ.

ಕಾಲ ಬದಲಾಯಿತು. ಒಂದೇ ಯಂತ್ರದಲ್ಲಿ ಇಡೀ ವಾದ್ಯವೃಂದ ಕೂರಿಸುವ ಹೊಸಬರು ಬಂದರು. ಭಾವನನ್ನು ಸಿನಿಮಾದವರು ಮರೆತರು. ಅವರು ತಾವು ಶುರು ಮಾಡಿದ ಕಡೆಗೇ, ಸಂಗೀತ ನಾಟಕಕ್ಕೆ, ಮರಳಿ ಬಂದರು. ಪೀಠೋಪಕರಣದ ಗೋದಾಮಿನ ಮೇಲೆ ಒಂದು ಉದ್ದನೆಯ ಕೋಣೆ ನಮ್ಮ ತಾಲೀಮಿನ ಜಾಗ. ಸದಾ ವಾರ್ನಿಶ್ ವಾಸನೆ. ಹತ್ತಲು ಕಬ್ಬಿಣದ ಮೆಟ್ಟಿಲು, ಯಾರು ಬಂದರೂ ಠಣ ಠಣ ಎಂದು ಮೊದಲೇ ತಿಳಿಯುತ್ತಿತ್ತು. ಪಿಯಾನೊ ಬಾಗಿಲಿಗೆ ಎದುರಾಗಿತ್ತು. ಅಲ್ಲಿ ಭಾವ ಹಾಡುತ್ತಿದ್ದ ಡಮ್ಮಿ ಸಾಲುಗಳಲ್ಲಿ ಬರುತ್ತಿದ್ದದ್ದು ಅವರ ಮನೆಯ ಸುದ್ದಿಯೇ. ಅಂಗಿಯ ಗುಂಡಿ ಹೋದದ್ದು, ಕಿಟಕಿ ಪರದೆ ಒಗೆಯಲು ಹೋಗಿ ಬಣ್ಣ ಬಿಟ್ಟದ್ದು, ಟೈಲರ್ ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿ ಏನೇನೂ ಸದ್ದಿಲ್ಲದ್ದು. ಕವಿಗಳು ಅದನ್ನೆಲ್ಲ ಹೊಡೆದು ಹಾಕಿ ಹೂವು, ಹಕ್ಕಿ, ವಸಂತ ತುಂಬುತ್ತಿದ್ದರು.

ನನಗೂ ತಾಳ್ಮೆ ಕೆಟ್ಟಿತು. ನಾನು ಹೇಳಿದರೆ ನಂಬುವುದಿಲ್ಲ ತಾನೆ, ಅವಳೇ ತನ್ನ ಕಿವಿಯಾರೆ ಕೇಳಲಿ ಎಂದು ಲೆಕ್ಕ ಹಾಕಿದೆ. ಅವಳಿಗೆ ಶಾಲೆ ರಜೆಯಿದ್ದ ಒಂದು ದಿನ ಬೇಕೆಂದೇ ಕನ್ನಡಕ ಮನೆಯಲ್ಲಿ ಬಿಟ್ಟು ಬಂದು, ಅದನ್ನು ತಂದುಕೊಡು ಎಂದು ಗೋದಾಮಿನ ಫೋನಿನಿಂದ ಅಕ್ಕನಿಗೆ ಫೋನ್ ಮಾಡಿದೆ.

"ಅವರು ಇರ್ತಾರಾ?" ಎಂದಳು.

"ಇರದೆ ಎಲ್ಲಿ ಹೋಗ್ತಾರೆ, ಅವರದೇ ನಾಟಕ."

"ನನ್ನ ನೋಡಿ ಏನಾದ್ರೂ ಅಂದ್ರೆ?"

"ಅನ್ಲಿ ಬಿಡು. ಇಷ್ಟು ವರ್ಷದಿಂದ ಅದಕ್ಕೇ ತಾನೆ ಕಾಯ್ತಿರೋದು."

ಅವಳು ಫೋನ್ ಇಟ್ಟಳು.

ಅವಳು ಬರುವ ಹೊತ್ತಿಗೆ ಭಾವ ಹೊಸ ಟ್ಯೂನು ಹಿಡಿದಿದ್ದರು. 'ಎರಡು ಲೋಟ ತೊಳೆದಿಡುವೆ, ಒಂದರಲ್ಲೇ ಕುಡಿಯುವೆ' ಎಂದು ಹಾಡುತ್ತಿದ್ದರು. ನಾನು ಮನಸ್ಸಿನಲ್ಲೇ, ಇದನ್ನೇ ಇನ್ನೊಂದು ಸಲ ಹಾಡಿ ಭಾವ, ಎಂದು ಬೇಡಿಕೊಳ್ಳುತ್ತಿದ್ದೆ. ಮೆಟ್ಟಿಲು ಠಣ ಠಣ ಎಂದಿತು. ಬಾಗಿಲಲ್ಲಿ ಅಕ್ಕ. ತಲೆ ನೀಟಾಗಿ ಬಾಚಿಕೊಂಡಿದ್ದಳು, ಎಂದೂ ಹೊರಗೆ ತೆಗೆಯದ ಹೊಸ ಕೈಚೀಲ ಹಿಡಿದಿದ್ದಳು. ಕನ್ನಡಕ ತಂದುಕೊಡಲು ಯಾರೂ ಹಾಗೆ ಬರುವುದಿಲ್ಲ.

ಭಾವ ತಲೆ ಎತ್ತಿ ನೋಡಿದರು. ಬೆರಳು ನಿಲ್ಲಲಿಲ್ಲ. ಅದೇ ಟ್ಯೂನು, ಅದೇ ತಿರುವು. ಬಾಯಿಂದ ಬಂದದ್ದು, 'ತಾನ ನಾನನ, ತಾನನಾ.'

ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಕವಿಗಳಿಗೂ ಆಶ್ಚರ್ಯವಾಗಿ, "ಮಾಸ್ತರೇ, ಪದ ಎಲ್ಲಿ ಹೋಯ್ತು?" ಎಂದರು. "ಅಳತೆ ಇಷ್ಟೇ, ಬರ್ಕೊಳಿ" ಎಂದು ಭಾವ ಮತ್ತೆ ತಾನನ ಎಂದರು. ಅವರ ಕಿವಿಯ ತುದಿ ಕೆಂಪಾಗಿತ್ತು. ಅಕ್ಕ ಬಾಗಿಲ ಬಳಿಯ ಕಡೆಯ ಕುರ್ಚಿಯಲ್ಲಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಪರೀಕ್ಷೆಗೆ ಬಂದವಳ ಹಾಗೆ ಕೂತಳು. ಪಲ್ಲವಿ ತಾನನ, ಚರಣ ತಾನನ. ಮುಗಿದಾಗ ಎದ್ದು ಬಂದು ಕನ್ನಡಕವನ್ನು ನನ್ನ ಕೈಗಿಟ್ಟು, "ನೀನು ಇಷ್ಟು ವರ್ಷ ಹೇಳ್ತಿದ್ದದ್ದು ಇದೇನಾ?" ಎಂದಳು.

ನಾನು ಅವಳ ಜೊತೆ ಕೆಳಗಿಳಿದೆ. ಬಸ್ ನಿಲ್ದಾಣದಲ್ಲಿ ಅವಳು ನನ್ನ ಕಡೆ ನೋಡದೆ ಹೇಳಿದಳು: "ದೊಡ್ಡ ಮಾತೇನೂ ಬೇಡವಾಗಿತ್ತು. 'ಬಾ' ಅಂದಿದ್ರೆ ಸಾಕಿತ್ತು. 'ಕೂತ್ಕೋ' ಅಂದಿದ್ರೆ ಸಾಕಿತ್ತು." ಬಸ್ಸು ಬರುವುದು ಕಾಣಿಸಿತು. ನೀನು ಹೋಗು, ನಿನ್ನ ಕೆಲಸ ಕೆಡುತ್ತೆ ಎಂದು ನನ್ನನ್ನು ದಬ್ಬಿದಳು.

ನಾನು ಮೆಟ್ಟಿಲು ಹತ್ತುತ್ತಿದ್ದಾಗ ಮೇಲಿನಿಂದ ಭಾವನ ದನಿ ಕೇಳಿಸಿತು. ಪದವಿತ್ತು.

'ಬಂದಳು, ಕಡೆಯ ಕುರ್ಚಿಲಿ ಕೂತಳು,
ಬಾ ಎನ್ನಲೂ ಆಗಲಿಲ್ಲ,
ಕೂತ್ಕೋ ಎನ್ನಲೂ ಆಗಲಿಲ್ಲ...'

ಬಿದ್ದೆನೋ ಎದ್ದೆನೋ ಎಂದು ಕೆಳಗೆ ಓಡಿದೆ. ಬಸ್ಸು ಆಗಲೇ ತಿರುವು ದಾಟಿತ್ತು. ಏದುಸಿರು ಬಿಡುತ್ತಾ ಮೇಲೆ ಬಂದಾಗ ಕವಿಗಳು ಬೆರಳು ಮಡಚಿ ಮುಗಿಸಿ, ಹಾಳೆಯ ಮೇಲೆ ಗೀಟು ಎಳೆಯುತ್ತಿದ್ದರು. "ಎಲ್ಲಿಗೆ ಹೋಗಿದ್ದೆ? ಪಿಟೀಲು ಬೇಕು" ಎಂದರು ಭಾವ. ಅಕ್ಕ ಹೋದಳಾ ಎಂದು ಕೇಳಲಿಲ್ಲ.

ಸಂಜೆ ಮನೆಗೆ ಹೋದ ತಕ್ಷಣ, ಚಪ್ಪಲಿಯನ್ನೂ ಬಿಡದೆ, ಎಲ್ಲವನ್ನೂ ಅವಳಿಗೆ ಹೇಳಿದೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಅಕ್ಕ ಹೊಸ ಕೈಚೀಲವನ್ನು ಅದರ ಹಳೆಯ ಕಾಗದದಲ್ಲಿ ಸುತ್ತುತ್ತಿದ್ದಳು.

"ಬಾ, ಕೂತ್ಕೋ ಅನ್ನೋದು ನಾನು ಬಸ್ ಸ್ಟಾಪಲ್ಲಿ ನಿನಗೆ ಹೇಳಿದ ಮಾತು" ಎಂದಳು ಮೆಲ್ಲಗೆ. "ನನ್ನ ಮಾತನ್ನೇ ಅವರ ಬಾಯಿಗೆ ತುರುಕಿ ತಂದಿದ್ದೀಯಲ್ಲೋ."

ಆಮೇಲೆ ನಾನು ಆ ಸುದ್ದಿ ಎತ್ತಲಿಲ್ಲ. ನಾಟಕ ಚೆನ್ನಾಗಿಯೇ ಓಡಿತು. ಭಾವನ ಸಭೆಯಲ್ಲಿ ಕೊನೆಗೆ ಹಾಡಿದ್ದೂ ಆವತ್ತು ಕಟ್ಟಿದ ಅದೇ ಹಾಡು. ಅವಳು ಕೂತಿದ್ದ ಕುರ್ಚಿಯ ಜಾಗದಲ್ಲಿ ಕವಿಗಳು ಒಂದು ಹಕ್ಕಿಯನ್ನು ಕೂರಿಸಿದ್ದರು. ಅಕ್ಕ ತಲೆ ತಗ್ಗಿಸಿಯೇ ಕೇಳಿ, ಪದಗಳು ಚೆನ್ನಾಗಿವೆ ಎಂದಳು.