ನೂರಮೂವತ್ತು, ಎಂಬತ್ತು

ಭಾಗ್ಯಜ್ಯೋತಿ ಸಿಂದಗಿ ಕಡೆಯವಳು. ಬಿಟಿಎಂನಲ್ಲಿ ಬಾಡಿಗೆ ಕೋಣೆ, ಜರಗನಹಳ್ಳಿ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆ ನರ್ಸ್ ಕೆಲಸ. ಆರು ವರ್ಷದಿಂದ ಮಾರ್ಚ್ ಬಂತೆಂದರೆ ಅವಳಿಗೆ ಅನ್ನ ಇಳಿಯದು. ಗುತ್ತಿಗೆ ಮುಂದುವರಿಸುತ್ತಾರೋ, ಮನೆಗೆ ಕಳಿಸುತ್ತಾರೋ. ಈ ಸಲ ಅದು ಗುಣಮಟ್ಟ ತಪಾಸಣೆಯ ಅಂಕದ ಮೇಲೆ ನಿಂತಿತ್ತು.

ಎಷ್ಟು ರೋಗಿಗಳ ಬಿಪಿ ಹತೋಟಿಯಲ್ಲಿದೆಯೋ ಅಷ್ಟು ಅಂಕ. ಬಿಪಿ ಯಂತ್ರದ, ತೋಳಿಗೆ ಸುತ್ತುವ ಪಟ್ಟಿ ಸಂಕ್ರಾಂತಿಗೂ ಮುಂಚೆ ಹರಿದುಹೋಗಿತ್ತು. ಹೊಸದು ಕೇಳಿ ಮೂರು ಪತ್ರ ಹೋದವು, ಏನೂ ಬರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಎಂಬತ್ತು ಜನ ಸಾಲಿನಲ್ಲಿ. ಅವಳು ನಾಡಿ ಹಿಡಿದಂತೆ ಮಾಡಿ ಎಲ್ಲರಿಗೂ 130/80 ಬರೆದಳು. ಒಬ್ಬಿಬ್ಬರಿಗೆ 128, ನಂಬಿಕೆ ಬರಲೆಂದು.

ಹೊಸ ಯಂತ್ರ ಬಂದದ್ದು ತಪಾಸಣೆಯ ಹಿಂದಿನ ದಿನ. ರೋಗಿಗಳಿಗಲ್ಲ, ತೋರಿಸಲು.

ತಪಾಸಣೆಗೆ ಬಂದ ಸಂಗಮೇಶ ಬೇರೆ ಜಿಲ್ಲೆಯ ವೈದ್ಯರು. ರಿಜಿಸ್ಟರ್ ತಿರುವಿ, "ಏನ್ ಸಿಸ್ಟರ್, ಎಲ್ಲಾರ ಬಿಪಿನೂ ಒಬ್ಬನೇ ದರ್ಜಿ ಹೊಲಿದಂಗ ಅದಲ್ಲ?" ಎಂದರು.

"ಫಾಲೋಅಪ್ ಚೆನ್ನಾಗಿದೆ ಸಾರ್," ಎಂದರು ಕೇಂದ್ರದ ಡಾಕ್ಟರ್ ಹಂಸಾ.

"ಹಂಗಾದ್ರ ಒಬ್ಬರದ್ದು ನೋಡೋಣು."

ಸಾಲಿನ ಮೊದಲಿದ್ದವಳು ಹೂವು ಮಾರುವ ಮಾರಮ್ಮ. ಭಾಗ್ಯಜ್ಯೋತಿ ಹೊಸ ಯಂತ್ರದ ಪಟ್ಟಿ ಸುತ್ತಿದಳು. 190/110.

"ಹೋದ್ ತಿಂಗ್ಳು ಎಲ್ಲಾ ಸರಿಗೈತೆ ಅಂದಿದ್ದು ನೀನೇ ಅಲ್ವೇನವ್ವಾ? ಅದ್ಕೇ ಮಾತ್ರೆ ಬಿಟ್ಬುಟ್ಟೆ," ಎಂದಳು ಮಾರಮ್ಮ. "ಈಗ ತಲೆ ಸಿಡೀತದೆ."

ಹಂಸಾ ಹತ್ತಿರ ಬಂದು ದನಿ ತಗ್ಗಿಸಿದರು. "ಮಾತ್ರೆ ಬಿಟ್ಟಿದ್ದಕ್ಕೇ ಏರಿದೆ ಅಂತ ಹೇಳಿಬಿಡಿ, ಭಾಗ್ಯ. ಮುಗೀತು."

ಅದು ಸುಳ್ಳೂ ಆಗಿರಲಿಲ್ಲ. ಅಷ್ಟು ಹೇಳಿದರೆ ಕೆಲಸ ಉಳಿಯುತ್ತಿತ್ತು. ಅವಳು ಮಾರಮ್ಮನ ತೋಳಿನಿಂದ ಪಟ್ಟಿ ಬಿಚ್ಚಿದಳು.

"ಮಾತ್ರಿ ಬಿಟ್ಟದ್ದು ನನ್ನ ಮಾತು ಕೇಳೇ ರೀ ಸರ್. ಮಷೀನ್ ಕೆಟ್ಟಿತ್ತು. ಮೂರು ತಿಂಗಳಾತು, ನಾ ಯಾರದೂ ನೋಡಿಲ್ಲ. ಬರದದ್ದೆಲ್ಲಾ ಸುಳ್ಳು."

ಸಂಗಮೇಶ ಅಂಕಪಟ್ಟಿಯಲ್ಲಿ ಬಿಪಿಯ ಸಾಲಿಗೆ ಸೊನ್ನೆ ಬರೆದರು. "ನಿಮ್ಮ ಕಾಂಟ್ರಾಕ್ಟ್ ನನ್ನ ಕೈಯಾಗ ಇಲ್ಲ ಸಿಸ್ಟರ್," ಎಂದರು, ಮುಖ ನೋಡದೆ. ಹಂಸಾ ಮಾರಮ್ಮನನ್ನು ದೊಡ್ಡಾಸ್ಪತ್ರೆಗೆ ಕಳಿಸಲು ಚೀಟಿ ಬರೆಯತೊಡಗಿದರು.

ಭಾಗ್ಯಜ್ಯೋತಿ ರಿಜಿಸ್ಟರ್ ಎಳೆದುಕೊಂಡು ಮೊದಲ ಹೆಸರಿಗೆ ಫೋನ್ ಹಚ್ಚಿದಳು.

"ಗೂಳಪ್ಪ ಅವರೇನ್ರಿ? ಆಸ್ಪತ್ರಿ ಸಿಸ್ಟರ್. ನಿಮ್ಮ ಬಿಪಿ ಸರಿ ಅದ ಅಂದಿದ್ದೆ. ನೋಡಿದ್ದೇ ಇಲ್ಲ. ಮಾತ್ರಿ ಬಿಡಬ್ಯಾಡ್ರಿ, ನಾಳೆ ಬರ್ರಿ."

ಆ ಕಡೆಯಿಂದ ಬೈಗುಳ ಶುರುವಾಯಿತು. ಅವಳು ಪೂರ್ತಿ ಕೇಳಿಸಿಕೊಂಡು ಮುಂದಿನ ನಂಬರ್ ಒತ್ತಿದಳು.