ಗುಡಿಗೆ ಒಂದಿಷ್ಟು ಕತ್ತಲೆ ಬೇಕಾಗಿದೆ

ಗೆಳೆಯರೇ, ನಮ್ಮೂರು ಮಗ್ಗೆಯಲ್ಲಿ ಕತ್ತಲೆ ಸಿಗುವುದು ಇಷ್ಟು ಕಷ್ಟ ಅಂತ ನನಗೆ ಇವತ್ತೇ ಗೊತ್ತಾಗಿದ್ದು.

ನಾಳೆ ಸಂಜೆ, ಬಾಗಿಲು ಹಾಕಿದ ಮೇಲೆ, ಊರಿನ ಹೊಯ್ಸಳರ ಕಾಲದ ಗುಡಿಯ ಹೊರಗೋಡೆಯ ಶಿಲ್ಪಗಳನ್ನು ಹಾಸನದ ಒಂದು ತಂಡಕ್ಕೆ ತೋರಿಸಬೇಕು. ಗೈಡ್ ನಾನೇ. ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿದರೆ, ಹಗಲಲ್ಲಿ ಕಾಣದ ಗೆಜ್ಜೆ, ಉಗುರು ಕೂಡ ಎದ್ದು ಬರುತ್ತವೆ. ತಯಾರಿ ನೋಡೋಣವೆಂದು ಮಧ್ಯಾಹ್ನ ಹೋದರೆ, ಗುಡಿ ಸಮಿತಿಯ ಅಧ್ಯಕ್ಷ ಪುಟ್ಟೇಗೌಡರು ಗುಡಿಯ ಮೀಟರಿನಿಂದ ವೈರು ಎಳೆಸಿ, ಮೂಲೆಮೂಲೆಗೂ ಮದುವೆಮನೆಯ ಫೋಕಸ್ ಲೈಟು ಕಟ್ಟಿಸುತ್ತಿದ್ದಾರೆ!

"ಗೌಡ್ರೇ, ಇವನ್ನ ಬಿಚ್ಚಿಸಿ. ಅವ್ರು ಬರ್ತಿರೋದೇ ಕತ್ತಲಲ್ಲಿ ನೋಡೋಕೆ" ಅಂದೆ.

"ಏನವ್ವಾ ನೀನು, ಊರಿಗೆ ಬಂದ ನೆಂಟ್ರನ್ನ ಕತ್ತಲಲ್ಲಿ ನಿಲ್ಸಕ್ಕಾಯ್ತದಾ? ನಮ್ಮೂರಿಗೂ ಒಂದು ಮರ್ವಾದೆ ಐತೆ ಕಣವ್ವ."

"ಹೋಗ್ಲಿ ಬಿಡಿ, ಸಂಜೆ ಆದ್ರೆ ಹೆಂಗೂ ಕರೆಂಟ್ ಹೋಗ್ತದಲ್ಲ" ಎಂದು ನಿಶ್ಚಿಂತೆಯಿಂದ ನಕ್ಕೆ. ನಮ್ಮೂರಲ್ಲಿ ಅದೊಂದು ಮಾತ್ರ ಯಾವತ್ತೂ ತಪ್ಪುವುದಿಲ್ಲ.

ಗೌಡರೂ ನಕ್ಕರು. "ಲೈನ್‌ಮನ್‌ಗೆ ಆಗ್ಲೇ ಹೇಳ್ಬುಟ್ಟಿದೀನಿ. ನಾಳೆ ಒಂದಿನ ಕರೆಂಟ್ ತೆಗೀಬ್ಯಾಡ ಮಾರಾಯ, ಊರ ಮಾನ ಉಳ್ಸು ಅಂತ."

ನಾನು ಮತ್ತೆ ವಾದ ಮಾಡಲಿಲ್ಲ. ಅವರು ತರಿಸಿಕೊಟ್ಟ ಕಾಫಿ ಕುಡಿದೆ, ಲೈಟು ಬಹಳ ಚೆನ್ನಾಗಿವೆ ಅಂದೆ, ಮೀಟರ್ ಬೋರ್ಡಿನ ಪಕ್ಕದಿಂದಲೇ ಹಾದು ಮನೆಗೆ ಬಂದೆ.

ಗುಡಿಯ ಫ್ಯೂಸು ಈಗ ನನ್ನ ಬ್ಯಾಗಿನಲ್ಲಿ ಭದ್ರವಾಗಿದೆ. ನಾಳೆ ಬರುವವರು ಟಾರ್ಚ್ ಮರೆಯಬೇಡಿ. ಗೌಡರನ್ನು ಯಾರೂ ಟ್ಯಾಗ್ ಮಾಡಬೇಡಿ.