ಹೊಸಿಲಿನಾಚೆ ನಿಂತು ಹೇಳಿಕೊಟ್ಟ ಸಾರು

ಸಾರಿಗೆ ತುಪ್ಪದ ಒಗ್ಗರಣೆ ಬಿದ್ದ ವಾಸನೆ ಬಂದರೆ ಎಲ್ಲರಿಗೂ ಬಾಯಲ್ಲಿ ನೀರೂರುತ್ತದೆ. ನನಗೆ ಹೊಟ್ಟೆ ತೊಳಸುತ್ತದೆ. ಎಂಬತ್ತರ ದಶಕದ ಮೊದಲಲ್ಲಿ ಬಸವನಗುಡಿಯ ಒಂದು ಮನೆಯಲ್ಲಿ ಹತ್ತಿದ ಅಸಹ್ಯ ಅದು, ಇನ್ನೂ ಬಿಟ್ಟಿಲ್ಲ.

ಆಗ ನಾನು ಶೇಷಾದ್ರಿಪುರಂನ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಇಂಡಿಯಾ ಸುತ್ತಲು ಬಂದಿದ್ದ ಒಬ್ಬ ಇಂಗ್ಲಿಷ್ ಹೆಂಗಸಿಗೆ ನಮ್ಮ ಕಡೆಯ ಅಡುಗೆ ಕಲಿಯುವ ಆಸೆ. ಮದುವೆ ಗೊತ್ತಾದ ಹುಡುಗಿಯರಿಗೆ ಅಡುಗೆ ಕಲಿಸುತ್ತಿದ್ದ ಬಸವನಗುಡಿಯ ಗೃಹಿಣಿಯೊಬ್ಬರು ಒಪ್ಪಿದ್ದರು, ಆದರೆ ಅವರಿಗೆ ಇಂಗ್ಲಿಷ್ ಬಾರದು. ಮಧ್ಯೆ ನಿಂತು ಮಾತು ದಾಟಿಸಲು ನಮ್ಮ ಇಂಗ್ಲಿಷ್ ಮೇಷ್ಟ್ರು ನನ್ನನ್ನು ಕಳಿಸಿದರು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಮೊದಲ ದಿನ ಬಾಗಿಲಲ್ಲೇ ಮನೆಯಾಕೆ ನಗುನಗುತ್ತ ಕೇಳಿದರು. "ಮನೆದೇವ್ರು ಯಾವ್ದಮ್ಮ ನಿಮ್ದು?"

ಈ ಊರಿನಲ್ಲಿ ಜಾತಿ ಕೇಳುವ ಮರ್ಯಾದಸ್ಥ ದಾರಿ ಅದು. "ನಾವು ಬೌದ್ಧರು," ಅಂದೆ. ಅದನ್ನು ತಲೆಯೆತ್ತಿ ಹೇಳಬೇಕೆಂದು ಅಪ್ಪ ಕಲಿಸಿದ್ದರು. ಬೌದ್ಧರಾಗುವ ಮೊದಲು ನಾವು ಯಾವ ಕೇರಿಯವರು ಎಂಬುದನ್ನು ಆಕೆ ಕ್ಷಣದಲ್ಲೇ ಲೆಕ್ಕ ಹಾಕಿದರು. ನಗು ಮಾಸಲಿಲ್ಲ.

"ನೀನು ಇಲ್ಲೇ ಹೊಸಿಲ ಹತ್ರ ನಿಂತ್ಕೊಂಡು ಹೇಳ್ಬಿಡಮ್ಮ. ಅಡುಗೆಮನೇಲಿ ಮಡಿ."

ಇಂಗ್ಲಿಷ್ ಹೆಂಗಸು ಸೀದಾ ಒಲೆಯ ಬಳಿಗೆ ಹೋದಳು. ಅವಳು ದನದ ಮಾಂಸ ತಿನ್ನುವವಳು, ಬೆಳಿಗ್ಗೆ ಸ್ನಾನವಾಗಿತ್ತೋ ಇಲ್ಲವೋ ದೇವರೇ ಬಲ್ಲ. ಪಾಸ್‌ಪೋರ್ಟ್ ಇದ್ದವರಿಗೆ ಮಡಿಯೂ ದಾರಿ ಬಿಡುತ್ತದೆ.

ನಾನು ನಿಂತ ಕಡೆಯಿಂದ ಒಲೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಅವಳ ಬೆನ್ನು ಮಾತ್ರ. "ಮೆಂತ್ಯ ಕೆಂಪಗಾಗೋವರ್ಗೂ ಹುರೀಬೇಕು ಅನ್ನು," ಎಂದು ಒಳಗಿನಿಂದ ಕೂಗು ಬರುತ್ತಿತ್ತು. ನಾನು ಅದನ್ನೇ ಇಂಗ್ಲಿಷಿನಲ್ಲಿ ಕೂಗುತ್ತಿದ್ದೆ. ಕಾಣದ ಪಾತ್ರೆಗೆ ಕಾಣದ ಹುಣಿಸೆಹಣ್ಣು ಕಿವುಚಿಸಿದೆ, ಕಾಣದ ಇಂಗು ಹಾಕಿಸಿದೆ. ಮೈಯೆಲ್ಲ ಉರಿಯುತ್ತಿತ್ತು.

ಆದರೂ ಮತ್ತೆ ಮತ್ತೆ ಹೋದೆ. ಪಾಠ ಮುಗಿದ ಮೇಲೆ ಆಕೆ ಆ ದಿನ ಮಾಡಿದ್ದನ್ನೆಲ್ಲ ಒಂದು ಡಬ್ಬಿಗೆ ತುಂಬಿ, ನನ್ನೆದುರು ನೆಲದ ಮೇಲಿಟ್ಟು, "ಮನೇಲಿ ಎಲ್ರೂ ತಿನ್ನಿ," ಎನ್ನುತ್ತಿದ್ದರು. ನಮ್ಮಮ್ಮ ಬೆರಳು ಚೀಪಿ ಚೀಪಿ ಉಂಡು, "ಎಷ್ಟು ಒಳ್ಳೇ ಜನ!" ಅಂದಿದ್ದಳು. ಇಷ್ಟು ಕೊಡುವವರು ಇವತ್ತಲ್ಲ ನಾಳೆ ಒಳಗೂ ಕರೆಯುತ್ತಾರೆ ಎಂದು ನಾನು ಆಸೆಯಿಟ್ಟುಕೊಂಡಿದ್ದೆ. ಆ ಒಂದು "ಬಾ"ಗಾಗಿ ಕಾಯುತ್ತಿದ್ದೆ.

ಒಂದು ದಿನ ಇಂಗ್ಲಿಷ್ ಹೆಂಗಸು ಏನೋ ಕೇಳಲು ನನ್ನ ಕಡೆ ತಿರುಗಿದಳು. ಕೈಯಲ್ಲಿ ಸೌಟಿತ್ತು. ಅದನ್ನು ಬಾಯಿಗಿಟ್ಟು, ಚಪ್ಪರಿಸಿ, ಹಿಂದೆ ಮುಂದೆ ನೆಕ್ಕಿ, ಉಪ್ಪು ಸಾಕೇ ಎಂದು ಕೇಳುತ್ತ ಮತ್ತೆ ಸಾರಿಗೇ ಅದ್ದಿದಳು. ಥೂ! ಎಂಜಲು ನಮ್ಮ ಮನೆಯಲ್ಲೂ ಎಂಜಲೇ. ನಾನು ಹಾಗೆ ಮಾಡಿದ್ದರೆ ಅಮ್ಮ ಅದೇ ಸೌಟಿನಲ್ಲಿ ಬಾರಿಸುತ್ತಿದ್ದಳು. ಈಗ ಮನೆಯೇ ಹಾರಿಹೋಗುವಂತೆ ಕಿರುಚಾಟವಾಗುತ್ತದೆ ಎಂದು ಕಾದೆ.

ಮನೆಯಾಕೆ ನಕ್ಕರು. "ಪಾಪ, ಅವ್ರಿಗೆ ಗೊತ್ತಾಗಲ್ಲ. ದಿನಾ ಹೀಗೇ ಮಾಡ್ತಾರೆ. ಮಾಡ್ಲಿ ಬಿಡು, ನಾವೇನು ಅದನ್ನ ತಿನ್ತೀವಾ?"

ದಿನಾ! ನಮ್ಮಮ್ಮ ಬೆರಳು ಚೀಪಿದ್ದು ಇದಕ್ಕೆ. ಆ ಮನೆಯ ಮಡಿ ಕೆಡದೆ ಉಳಿದಿದ್ದು ಕೆಟ್ಟದ್ದನ್ನು ಸುರಿಯಲು ನಮ್ಮ ಮನೆ ಇದ್ದುದರಿಂದ.

ಪಾಠ ಮುಗಿಯಿತು. ಡಬ್ಬಿ ಬಂತು. "ತಗೊಂಡ್ಹೋಗಮ್ಮ, ಇನ್ನೂ ಬಿಸಿಯಾಗಿದೆ," ಅಂದರು.

ಏನು ಹೇಳುತ್ತಿದ್ದಾರೆ ಎಂದು ಇಂಗ್ಲಿಷ್ ಹೆಂಗಸು ಕೇಳಿದಳು. ನಾನು ಬಿಡಿಸಿ ಹೇಳಿದೆ. "ನೀವು ನೆಕ್ಕಿದ ಸಾರನ್ನು ಈ ಮನೆಯವರು ಮುಟ್ಟುವುದಿಲ್ಲ. ಅದಕ್ಕೇ ನನಗೆ ಕೊಡುತ್ತಾರೆ."

ಅವಳ ಮುಖ ಕೆಂಪಾಯಿತು. ಈಗ ನನ್ನ ಪರವಾಗಿ ಒಂದು ಮಾತಾದರೂ ಆಡುತ್ತಾಳೆ ಅಂದುಕೊಂಡೆ. ಅವಳು ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ತುಂಬ ಮೃದುವಾಗಿ ಕೇಳಿದಳು. "ಆದರೆ ನಿನಗೆ ಪರವಾಗಿಲ್ಲ, ಅಲ್ಲವೇ?"

ನಾನು ಡಬ್ಬಿ ಎತ್ತಿಕೊಂಡು ಹೊಸಿಲು ದಾಟಿದೆ. ಒಲೆಯವರೆಗೂ ನಡೆದು, ಕಟ್ಟೆಯ ಮೇಲೆ ಅವರ ಪಾತ್ರೆಗಳ ನಡುವೆ ಅದನ್ನು ಇಟ್ಟೆ. ಎಂಜಲು ಸೌಟನ್ನು ಕಂಡು ನಕ್ಕಿದ್ದ ಆಕೆಯ ಮುಖ ನನ್ನ ಪಾದಗಳನ್ನು ಕಂಡು ಕಿವುಚಿಕೊಂಡಿತು. "ಅಯ್ಯಯ್ಯೋ, ಏನೇ ಇದು!" ಎನ್ನುತ್ತ ನೀರು, ಬಟ್ಟೆ ತಂದು, ನಾನು ಇನ್ನೂ ಅಲ್ಲೇ ನಿಂತಿರುವಾಗಲೇ ಹೊಸಿಲಿನಿಂದ ಹಿಡಿದು ನಾನು ನಡೆದಲ್ಲೆಲ್ಲ ಒರೆಸಿಕೊಂಡು ಬಂದರು. ಅವರ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಇಂಗ್ಲಿಷ್ ಹೆಂಗಸು ವಿನಯದಿಂದ ಪಕ್ಕಕ್ಕೆ ಸರಿದು ನಿಂತಳು.